ಟೆಂಡರ್ ಕರೆಯೋದಕ್ಕಿಂತ ಮುಂಚೆ...

ನಮ್ಮ ಚನ್ನಗಿರಿ ಹೆಸರು ಹೇಳಿದರೆ ಅಡಿಕೆ, ಸೂಳೆಕೆರೆ ನೆನಪಾಗಬೇಕು. ಆದರೆ 2023ರ ಮಾರ್ಚ್‌ನಲ್ಲಿ ಊರು ಟಿವಿಯಲ್ಲಿ ಬಂದಿದ್ದೇ ಬೇರೆ ಕಾರಣಕ್ಕೆ. ಆಗ ಇಲ್ಲಿನ ಶಾಸಕರಾಗಿದ್ದ ಮಾಡಾಳ್ ವಿರೂಪಾಕ್ಷಪ್ಪನವರು ಮೈಸೂರು ಸ್ಯಾಂಡಲ್ ಸೋಪು ತಯಾರಿಸುವ ಸರ್ಕಾರಿ ಸಂಸ್ಥೆ ಕೆಎಸ್‌ಡಿಎಲ್‌ಗೆ ಅಧ್ಯಕ್ಷರೂ ಆಗಿದ್ದರು. ಆ ಸಂಸ್ಥೆಗೆ ಕಚ್ಚಾವಸ್ತು ಪೂರೈಸುವ ಟೆಂಡರ್ ವಿಷಯದಲ್ಲಿ 40 ಲಕ್ಷ ಲಂಚ ಪಡೆದ ಆರೋಪದ ಮೇಲೆ ಅವರ ಮಗ, ಬೆಂಗಳೂರು ಜಲಮಂಡಳಿಯ ಅಧಿಕಾರಿ, ಮಾರ್ಚ್ 2ರಂದು ಲೋಕಾಯುಕ್ತ ಬಲೆಗೆ ಬಿದ್ದರು. ಮನೆ, ಆಫೀಸು ಶೋಧಿಸಿದಾಗ ಸಿಕ್ಕ ನಗದು 8 ಕೋಟಿಗೂ ಜಾಸ್ತಿ. ಅದು ಅಡಿಕೆ ದುಡ್ಡು ಅಂದರು ಶಾಸಕರು. ಮಧ್ಯಂತರ ಜಾಮೀನು ಸಿಕ್ಕಿದ್ದೇ ತಡ, ಚನ್ನಗಿರಿಯಲ್ಲಿ ಪಟಾಕಿ, ಮೆರವಣಿಗೆ! ಅದೇ ತಿಂಗಳು ಅವರ ಬಂಧನವೂ ಆಯ್ತು. ಡಿಸೆಂಬರ್‌ನಲ್ಲಿ ತಂದೆಯ ಮೇಲಿನ ಪ್ರಕರಣವನ್ನು ಹೈಕೋರ್ಟ್ ರದ್ದು ಮಾಡಿತು.

ಯಾರು ತಪ್ಪಿತಸ್ಥರು ಅಂತ ತೀರ್ಪು ಕೊಡೋದು ಕೋರ್ಟಿನ ಕೆಲಸ, ನನ್ನದಲ್ಲ. ನನ್ನ ತಕರಾರು ಬೇರೆ. ನೋಟಿನ ಕಂತೆ ಸಿಕ್ಕರೆ ಮಾತ್ರ ನಮಗೆ ಭ್ರಷ್ಟಾಚಾರ ಕಾಣುತ್ತೆ. 'ನಮ್ಮೋನಿಗೆ' ಕೆಲಸ ಕೊಡಿಸೋದಕ್ಕೆ ಕಂತೆಯೇ ಬೇಕಿಲ್ಲ, ಸ್ವಾಮಿ!

ಕರ್ನಾಟಕದಲ್ಲಿ ಟೆಂಡರ್ ಪಾರದರ್ಶಕತೆಗೆ 1999ರಿಂದಲೇ ಕಾಯ್ದೆ ಇದೆ. ಅದರ ಪಕ್ಕದಲ್ಲೇ ಹಿತ್ತಲ ಬಾಗಿಲುಗಳೂ ಇವೆ. ಒಂದೇ ಚರಂಡಿಯನ್ನು ನಾಲ್ಕು ತುಂಡು ಮಾಡಿದರೆ ಟೆಂಡರ್ ಬೇಡ, ತುಂಡು ಗುತ್ತಿಗೆ ಸಾಕು. ಟೆಂಡರ್ ಕರೆದರೂ ಒಬ್ಬನಿಗಷ್ಟೇ ಹೊಂದುವ ಷರತ್ತು ಬರೆದರಾಯ್ತು. ಅದೂ ಬೇಡವೆಂದರೆ 4(ಜಿ) ಕಲಮಿನಡಿ ಸರ್ಕಾರವೇ ವಿನಾಯಿತಿ ಕೊಡಬಹುದು. 2021ರಲ್ಲಿ ಗುತ್ತಿಗೆದಾರರ ಸಂಘ 40 ಪರ್ಸೆಂಟ್ ಕಮಿಷನ್ ಅಂತ ಪ್ರಧಾನಿಗೆ ಪತ್ರ ಬರೆಯಿತು. 2023ರಲ್ಲಿ ಸರ್ಕಾರ ಬದಲಾಯ್ತು. 4(ಜಿ) ಮಾತ್ರ ಕಾಯ್ದೆಯಲ್ಲಿ ಹಾಗೇ ಕೂತಿದೆ.

ಇದು ಬೆಂಗಳೂರಿನ ಕಥೆ ಅಂತ ಬಿಡಬೇಡಿ. ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ಊರುಗಳಲ್ಲಿ ಒಂದು ರಸ್ತೆ ಹಾಳಾದರೆ ಇನ್ನೊಂದು ಬರೋದಕ್ಕೆ ವರ್ಷಗಳೇ ಬೇಕು. ಜಗಳೂರಿನಂಥ ಬರದ ಸೀಮೆಯಲ್ಲಿ ಕುಡಿಯುವ ನೀರಿನ ಪೈಪು ಕಳಪೆಯಾದರೆ, ಕೊಡ ಹಿಡಿದು ನಿಲ್ಲೋರು ಗುತ್ತಿಗೆದಾರನ ಮನೆಯವರಲ್ಲ. ಆದರೂ ಕೆಲಸ ಹೇಗೆ ಸಿಕ್ಕಿತು ಅಂತ ನಾವು ಕೇಳಲ್ಲ. 'ನಮ್ಮ ಹುಡುಗನಿಗೆ ಸಿಕ್ತಲ್ಲ, ಬಿಡಿ' ಅಂತೀವಿ. ಮೆರವಣಿಗೆ ಶುರುವಾಗೋದೇ ಅಲ್ಲಿಂದ.

ಕೇಳೋದು ಕಷ್ಟವೇನಲ್ಲ. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ ಹತ್ತು ರೂಪಾಯಿ. ನಿಮ್ಮ ಬೀದಿಯ ಕೆಲಸಕ್ಕೆ ಎಷ್ಟು ಜನ ಬಿಡ್ ಹಾಕಿದ್ದರು, ಷರತ್ತು ಏನಿತ್ತು, ವಿನಾಯಿತಿ ಕೊಟ್ಟಿದ್ದರೆ ಯಾಕೆ? ಈ ಮೂರು ಪ್ರಶ್ನೆ ಸಾಕು. ಉತ್ತರ ಬಂದರೆ ನಿಮ್ಮ ಬ್ಲಾಗಿನಲ್ಲಿ ಹಾಕಿ. ಬರದಿದ್ದರೆ ಅದನ್ನೂ ಹಾಕಿ :)

ನೀವೇನಂತೀರಿ?