ಮುಪ್ಪಿನ ಮನೆಯ ತಪಸ್ಸು

ಪುತ್ತೂರು, ಸುಳ್ಯ ಹಾಗೂ ಈ ಎರಡರಿಂದಲೂ ಹಳ್ಳಿಗಳನ್ನು ಪಡೆದು ರೂಪುಗೊಂಡ ಕಡಬ ತಾಲೂಕುಗಳ ಅಡಿಕೆ ತೋಟದ ಎಷ್ಟೋ ಮನೆಗಳಲ್ಲಿ ಇಂದು ಉಳಿದಿರುವವರು ಇಬ್ಬರೇ. ಮಕ್ಕಳು ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಕೊಲ್ಲಿ ದೇಶಗಳಲ್ಲೋ ನೆಲೆಸಿದ್ದಾರೆ. ಒಬ್ಬರಿಗೆ ಸಕ್ಕರೆ ಕಾಯಿಲೆ, ಇನ್ನೊಬ್ಬರಿಗೆ ರಕ್ತದೊತ್ತಡ. ಒಬ್ಬರ ಮಂಡಿ ಮಡಚದು, ಇನ್ನೊಬ್ಬರ ಕಿವಿ ಮಂದ. ಮನೆ ತಗ್ಗಿನಲ್ಲಿ, ಬಸ್ಸಿನ ರಸ್ತೆ ಗುಡ್ಡದ ಮೇಲೆ. ಆಟಿ ತಿಂಗಳ ಮಳೆಗೆ ಅಂಗಳದಲ್ಲಿ ಪಾಚಿ ಕಟ್ಟಿದರೆ ಬಚ್ಚಲಿಗೆ ಹೋಗುವ ಹತ್ತು ಹೆಜ್ಜೆಯೂ ಭಯದ ದಾರಿ. ಇವು ಮಹಾವ್ಯಾಧಿಗಳಲ್ಲ, ದಿನದಿನವೂ ಸ್ವಲ್ಪಸ್ವಲ್ಪವೇ ಸವೆಸುವ ಬೇನೆಗಳು. ಇಂತಹ ಬೇನೆಗಳ ನಡುವೆ ಬಾಳುವ ದಂಪತಿಗೆ ಜಿನಧರ್ಮ ನೀಡುವ ಮಾರ್ಗದರ್ಶನವೇನು?

ದೇಹದ ಸುಖದುಃಖಗಳ ಅನುಭವ ವೇದನೀಯ ಕರ್ಮದಿಂದ ಎಂಬುದು ಸಿದ್ಧಾಂತ. ಸಾತಾವೇದನೀಯದ ಉದಯದಲ್ಲಿ ಸುಖ, ಅಸಾತಾವೇದನೀಯದ ಉದಯದಲ್ಲಿ ದುಃಖ. ಈ ತತ್ತ್ವವನ್ನು ಅರ್ಧ ಕೇಳಿಸಿಕೊಂಡವರು ‘ಎಲ್ಲವೂ ಕರ್ಮ, ಅನುಭವಿಸಿಯೇ ತೀರಬೇಕು’ ಎಂದು ವೈದ್ಯರ ಬಳಿ ಹೋಗುವುದನ್ನು ಮುಂದೂಡುತ್ತಾರೆ. ಕರ್ಮಸಿದ್ಧಾಂತ ಪುರುಷಾರ್ಥವನ್ನು ಎಂದೂ ನಿರಾಕರಿಸಿಲ್ಲ. ಕರ್ಮದ ಉದಯಕ್ಕೆ ದ್ರವ್ಯ, ಕ್ಷೇತ್ರ, ಕಾಲ, ಭಾವಗಳು ನಿಮಿತ್ತವಾಗುವುದಾದರೆ, ಅದರ ಶಮನಕ್ಕೆ ಔಷಧವೂ ಪಥ್ಯವೂ ನಿಮಿತ್ತವಾಗಬಲ್ಲವು. ಹಾಗಲ್ಲದಿದ್ದರೆ ಆಹಾರ, ಶಾಸ್ತ್ರ, ಅಭಯಗಳ ಜೊತೆಗೆ ಔಷಧವನ್ನೂ ಚತುರ್ವಿಧ ದಾನಗಳಲ್ಲಿ ಸೇರಿಸುವ ಅಗತ್ಯವೇ ಇರುತ್ತಿರಲಿಲ್ಲ.

ಸನತ್ಕುಮಾರ ಚಕ್ರವರ್ತಿಯ ಕಥೆಯನ್ನು ಮುಂದಿಟ್ಟು ಕೆಲವರು ಇದನ್ನು ಆಕ್ಷೇಪಿಸಬಹುದು. ಮುನಿಯಾದ ಆತನ ರೋಗವನ್ನು ಗುಣಪಡಿಸಲು ದೇವನೇ ವೈದ್ಯನ ವೇಷದಲ್ಲಿ ಬಂದಾಗ ಆತ ಕೇಳಿದ್ದು ಭವರೋಗದ ಮದ್ದನ್ನು. ಆದರೆ ಅದು ಸರ್ವಸಂಗ ಪರಿತ್ಯಾಗ ಮಾಡಿದವನ ನಿಲುವು. ಮನೆ, ಬಂಧು, ತೋಟ ಎಲ್ಲವನ್ನೂ ಇಟ್ಟುಕೊಂಡು ಔಷಧವೊಂದನ್ನೇ ತ್ಯಜಿಸುವುದು ವೈರಾಗ್ಯವಾಗದು. ಮುನಿಗಳ ವಿಷಯದಲ್ಲಿಯೂ ಪರಂಪರೆ ಒಂದೇ ಮಾತನ್ನು ಹೇಳಿಲ್ಲ. ಆಚಾರ್ಯ ಸಮಂತಭದ್ರರಿಗೆ, ಎಷ್ಟು ಉಂಡರೂ ಹಸಿವು ತಣಿಯದ ಭಸ್ಮಕ ವ್ಯಾಧಿ ತಗುಲಿತೆಂದು ಕಥೆ. ಅವರು ಸಲ್ಲೇಖನಕ್ಕೆ ಅನುಮತಿ ಬೇಡಿದಾಗ ಗುರುಗಳು ಕೊಡಲಿಲ್ಲ. ಅವರಿಂದ ಧರ್ಮಕ್ಕೆ ಆಗಬೇಕಾದ ಕಾರ್ಯ ಇನ್ನೂ ಇದೆ, ಮುನಿದೀಕ್ಷೆಯನ್ನು ಬದಿಗಿಟ್ಟಾದರೂ ರೋಗವನ್ನು ಶಮನ ಮಾಡಿಕೊಂಡು ಮರಳಬೇಕು ಎಂಬುದು ಗುರುಗಳ ಆಜ್ಞೆ. ಅವರು ಹಾಗೆಯೇ ಮಾಡಿ ಮತ್ತೆ ದೀಕ್ಷಿತರಾದರು. ಅದೇ ಸಮಂತಭದ್ರರು ತಮ್ಮ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಸಲ್ಲೇಖನವನ್ನು ವಿವರಿಸುವಾಗ, ಪ್ರತೀಕಾರವೇ ಇಲ್ಲದ ಸ್ಥಿತಿ ಎಂಬ ನಿಬಂಧನೆಯನ್ನು ಇರಿಸಿದ್ದಾರೆ. ಪರಿಹಾರವಿರುವ ರೋಗಕ್ಕೆ ಪರಿಹಾರವನ್ನೇ ಮಾಡಿಕೊಳ್ಳಬೇಕೆಂಬುದು ಅದರ ಒಳಾರ್ಥ.

ಮುಪ್ಪಿನಲ್ಲಿ ವ್ರತಗಳ ಪಾಲನೆಯೂ ಇದೇ ವಿವೇಕವನ್ನು ಬೇಡುತ್ತದೆ. ಪ್ರಾಯದಲ್ಲಿ ಅಷ್ಟಮಿ, ಚತುರ್ದಶಿಗಳಂದು ನಿರಾಹಾರ ಉಪವಾಸ ಮಾಡಿದವರಿಗೆ ಎಪ್ಪತ್ತರಲ್ಲಿ ಅದನ್ನು ಬಿಡುವುದು ಸೋಲೆನಿಸುತ್ತದೆ. ಇನ್ಸುಲಿನ್ ಅಥವಾ ಸಕ್ಕರೆಯನ್ನು ಇಳಿಸುವ ಕೆಲವು ಮಾತ್ರೆಗಳನ್ನು ಸೇವಿಸುವವರು ಹೊಟ್ಟೆಯನ್ನು ಬರಿದು ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ನಡುಕ, ಬೆವರು, ಬುದ್ಧಿಯ ಗೊಂದಲ, ಕೊನೆಗೆ ಪ್ರಜ್ಞೆ ತಪ್ಪುವುದೂ ಉಂಟು. ತೀರ್ಥಂಕರ ನಾಮಕರ್ಮಕ್ಕೆ ಕಾರಣವಾಗುವ ಷೋಡಶ ಭಾವನೆಗಳಲ್ಲಿ ತ್ಯಾಗ, ತಪಗಳೆರಡಕ್ಕೂ ‘ಶಕ್ತಿಗೆ ತಕ್ಕಂತೆ’ ಎಂಬ ವಿಶೇಷಣವಿರುವುದು ಸುಮ್ಮನೆ ಅಲ್ಲ. ಬಾಹ್ಯ ತಪಗಳು ಆರು. ಅನಶನ ಅವುಗಳಲ್ಲಿ ಒಂದು ಮಾತ್ರ. ಹೊಟ್ಟೆ ತುಂಬುವ ಮುನ್ನವೇ ಕೈತೊಳೆಯುವ ಅವಮೌದರ್ಯವೂ ತಪವೇ. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು ಎಂಬ ಆರು ರಸಗಳಲ್ಲಿ ಕೆಲವನ್ನು ಬಿಡುವ ರಸಪರಿತ್ಯಾಗವೂ ತಪವೇ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಊಟಕ್ಕೆ ಉಪ್ಪಿನಕಾಯಿ, ಗಂಜಿಗೆ ಹಪ್ಪಳ ಇಲ್ಲದೆ ಆಗದ ಈ ನೆಲದಲ್ಲಿ, ರಕ್ತದೊತ್ತಡವಿರುವ ಪತಿಗಾಗಿ ಪತ್ನಿಯೂ, ಸಕ್ಕರೆ ಕಾಯಿಲೆಯ ಪತ್ನಿಗಾಗಿ ಪತಿಯೂ ಆ ರಸಗಳನ್ನು ತಮ್ಮ ತಟ್ಟೆಯಲ್ಲಿಯೂ ಮಿತಗೊಳಿಸಿದರೆ ಪಥ್ಯವೇ ವ್ರತವಾಗುತ್ತದೆ. ರಾತ್ರಿಭೋಜನ ತ್ಯಾಗ ಇರುವವರು ಮಾತ್ರೆಯ ಹೊತ್ತನ್ನು ತಾವೇ ಬದಲಿಸಿಕೊಳ್ಳದೆ ವೈದ್ಯರೊಡನೆ ಚರ್ಚಿಸುವುದು ಲೇಸು. ವ್ರತ ಸ್ವೀಕರಿಸುವಾಗಲೇ ನೀರು ಮತ್ತು ಔಷಧಗಳಿಗೆ ವಿನಾಯಿತಿ ಇಟ್ಟುಕೊಳ್ಳುವ ಶ್ರಾವಕರೂ ಇದ್ದಾರೆ.

ಬಾಹ್ಯ ತಪಗಳಿಗಿಂತ ಸೂಕ್ಷ್ಮವಾದವು ಆರು ಆಭ್ಯಂತರ ತಪಗಳು. ಅವುಗಳಲ್ಲಿ ಮೂರನೆಯದು ವೈಯಾವೃತ್ಯ, ಎಂದರೆ ಸೇವೆ. ಸೇವೆಗೆ ಪಾತ್ರರಾದ ಹತ್ತು ಬಗೆಯವರನ್ನು ಹೇಳುವಾಗ ತತ್ತ್ವಾರ್ಥಸೂತ್ರ ‘ಗ್ಲಾನ’ ಎಂಬ ಒಂದು ವರ್ಗವನ್ನೇ ಹೆಸರಿಸಿದೆ, ಗ್ಲಾನನೆಂದರೆ ರೋಗಪೀಡಿತ. ಸಮಂತಭದ್ರರು ವೈಯಾವೃತ್ಯವನ್ನು ಶ್ರಾವಕರ ನಾಲ್ಕು ಶಿಕ್ಷಾವ್ರತಗಳಲ್ಲಿ ಸೇರಿಸಿದರು. ಶಾಸ್ತ್ರ ಇಲ್ಲಿ ಮುಖ್ಯವಾಗಿ ಸಂಯಮಿಗಳ ಸೇವೆಯನ್ನು ಕುರಿತು ಹೇಳುತ್ತದೆ ಎಂಬುದು ನಿಜ. ಆದರೆ ಮುನಿಯ ಪಾದ ಒತ್ತುವುದರಿಂದ ಕಲಿಯಬೇಕಾದ ಗುಣವನ್ನು ಮನೆಯೊಳಗಿನ ನೋವಿನ ಮುಂದೆ ಮರೆತರೆ ಆ ಸೇವೆ ಬರಿಯ ಆಚರಣೆಯಾಗಿ ಉಳಿಯುತ್ತದೆ.

ಈ ಗುಣದ ಹೆಸರು ನಿರ್ವಿಚಿಕಿತ್ಸೆ. ರೋಗದ ದೇಹವನ್ನು ಕಂಡು ಹೇಸದಿರುವುದು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಇದು ಮೂರನೆಯದು. ಇದಕ್ಕೆ ಉದಾಹರಣೆಯಾಗಿ ನಿಂತವನು ಉದ್ದಾಯನ ಮಹಾರಾಜ. ಅವನನ್ನು ಪರೀಕ್ಷಿಸಲು ದೇವನೊಬ್ಬ ಕುಷ್ಠಪೀಡಿತ ಮುನಿಯ ರೂಪದಲ್ಲಿ ಬಂದು, ಆಹಾರ ಸ್ವೀಕರಿಸಿ, ದುರ್ಗಂಧ ಹಬ್ಬುವಂತೆ ವಾಂತಿ ಮಾಡಿದ. ಪರಿಜನರು ದೂರ ಸರಿದರು. ಸರಿಯದೆ ಉಳಿದವರು ಇಬ್ಬರು: ಉದ್ದಾಯನ ಮತ್ತು ಅವನ ರಾಣಿ ಪ್ರಭಾವತಿ. ತಾವಿತ್ತ ಆಹಾರವೇ ಮುನಿಗೆ ಒಗ್ಗಲಿಲ್ಲವೇನೋ ಎಂದು ತಮ್ಮನ್ನೇ ನಿಂದಿಸಿಕೊಳ್ಳುತ್ತಾ ಅವನನ್ನು ಶುಚಿಗೊಳಿಸಿದರು. ಕಥೆಯನ್ನು ಹೇಳುವಾಗ ರಾಜನ ಹೆಸರಷ್ಟೇ ನೆನಪಾಗುತ್ತದೆ. ದಂಪತಿ ಕೂಡಿಯೇ ಈ ಸೇವೆ ಮಾಡಿದರೆಂಬುದನ್ನೂ ನೆನೆಯಬೇಕು.

ಏಕೆಂದರೆ ಇಂದಿನ ಮನೆಗಳಲ್ಲಿ ಸೇವೆ ಬಹುಮಟ್ಟಿಗೆ ಒಬ್ಬರದೇ ಪಾಲು. ಪತಿಯ ಮಾತ್ರೆಗಳ ಹೊತ್ತು ಪತ್ನಿಗೆ ಬಾಯಿಪಾಠ. ಪತ್ನಿ ನುಂಗುವ ಮಾತ್ರೆ ಯಾವುದೆಂದು ಪತಿಗೆ ತಿಳಿಯದು. ಆಕೆ ತನ್ನ ಮಂಡಿನೋವನ್ನು ಹೇಳುವುದಿಲ್ಲ. ಹೇಳಿದರೆ ಅಡುಗೆ ಯಾರು ಮಾಡಬೇಕೆಂಬ ಚಿಂತೆ. ಹೀಗೆ ಮುಚ್ಚಿಟ್ಟ ನೋವು ಒಂದು ದಿನ ಅಂಗಳದಲ್ಲಿ ಬಿದ್ದು ಸೊಂಟದ ಮೂಳೆ ಮುರಿದಾಗ ಹೊರಬೀಳುತ್ತದೆ. ಆಭ್ಯಂತರ ತಪಕ್ಕೆ ಸ್ತ್ರೀಪುರುಷ ಭೇದವಿಲ್ಲ. ಎಪ್ಪತ್ತೈದರ ಗೃಹಸ್ಥ ಗಂಜಿ ಬೇಯಿಸಲು ಕಲಿತರೆ, ಪತ್ನಿಯ ಪಾದಕ್ಕೆ ಎಣ್ಣೆ ಹಚ್ಚಿದರೆ, ಆಕೆಯ ವೈದ್ಯರ ಚೀಟಿಯನ್ನು ತಾನೇ ಓದಿ ನೆನಪಿಟ್ಟುಕೊಂಡರೆ ಅವನ ಘನತೆ ಕುಂದದು. ಅವನ ದೇವಪೂಜೆ ಅಂದು ಹೆಚ್ಚು ಪೂರ್ಣವಾದೀತು.

ಸೇವೆ ಮಾಡುವುದಕ್ಕಿಂತ ಸ್ವೀಕರಿಸುವುದು ಕೆಲವರಿಗೆ ಕಷ್ಟ. ಊರುಗೋಲು ಹಿಡಿಯಲು ನಾಚಿಕೆ, ಶ್ರವಣ ಸಾಧನ ಹಾಕಿಕೊಳ್ಳಲು ಸಂಕೋಚ, ಬಸದಿಯಲ್ಲಿ ಕುರ್ಚಿಯ ಮೇಲೆ ಕುಳಿತರೆ ಅವಿನಯವಾದೀತೆಂಬ ಅಳುಕು. ಎಂಟು ಮದಗಳಲ್ಲಿ ಬಲದ ಮದವೂ ಒಂದು. ಮುಪ್ಪಿನಲ್ಲಿ ಬಲ ಹೋದ ಮೇಲೂ ಅದರ ಮದ ಉಳಿಯುವುದುಂಟು. ಇದಕ್ಕೆ ವಿರುದ್ಧವಾದ ಇನ್ನೊಂದು ದೋಷ, ದಿನವಿಡೀ ನೋವನ್ನೇ ನೆನೆದು ನೋವನ್ನೇ ಮಾತನಾಡುವುದು. ಅದನ್ನು ಶಾಸ್ತ್ರ ಆರ್ತಧ್ಯಾನದ ನಾಲ್ಕು ಬಗೆಗಳಲ್ಲಿ ಒಂದೆಂದು ಗುರುತಿಸಿದೆ. ನೋವನ್ನು ಮುಚ್ಚಿಡದೆ, ಅದನ್ನೇ ಜಪವೂ ಮಾಡದೆ, ಹೊತ್ತಿಗೆ ಹೇಳಿ, ಹೊತ್ತಿಗೆ ಮದ್ದು ಮಾಡಿ, ಉಳಿದ ಹೊತ್ತನ್ನು ಸ್ವಾಧ್ಯಾಯಕ್ಕೆ ಕೊಡುವುದು ಮಧ್ಯದ ದಾರಿ. ಕಣ್ಣು ಮಂಜಾದವರಿಗೆ ಇನ್ನೊಬ್ಬರು ಓದಿ ಹೇಳಿದರೆ ಇಬ್ಬರಿಗೂ ಸ್ವಾಧ್ಯಾಯವೇ.

ಈ ಭಾಗದಲ್ಲಿ ಮುಪ್ಪಿಗೂ ಬಿಡುವಿಲ್ಲದ ಮನೆಗಳಿವೆ. ಗೇರು ತೋಟಗಳಿಗೆ ಆಕಾಶದಿಂದ ಸಿಂಪಡಿಸಿದ ಎಂಡೋಸಲ್ಫಾನ್ ಇಲ್ಲಿನ ಅನೇಕ ಹಳ್ಳಿಗಳನ್ನು ಬಾಧಿಸಿತು; ಸುಪ್ರೀಂ ಕೋರ್ಟು ಆ ವಿಷವನ್ನು ನಿಷೇಧಿಸಿದ್ದು 2011ರಲ್ಲಿ. ಕಡಬ ತಾಲೂಕಿನ ಕೊಯಿಲದಲ್ಲಿ ಪೀಡಿತರಿಗಾಗಿ ಹಗಲು ಪಾಲನಾ ಕೇಂದ್ರವಿದೆ. ಆದರೆ ರಾತ್ರಿಯ ಪಾಲನೆ ತಂದೆತಾಯಿಯರದು. ವಯಸ್ಸಿಗೆ ಬಂದ ಮಗನನ್ನು ಎತ್ತಿ ಮಲಗಿಸುವ ತಾಯಿಯ ಬೆನ್ನೂ ಬಾಗುತ್ತದೆ, ತಂದೆಯ ಉಸಿರೂ ಕಟ್ಟುತ್ತದೆ. ಅವರು ಯಾವ ಮತದವರಾದರೂ ವೈಯಾವೃತ್ಯದ ಅರ್ಥವನ್ನು ಬಲ್ಲವರು. ಅವರಿಗೆ ನಮಿಸಿ ಸುಮ್ಮನಾದರೆ ಸಾಲದು. ಪರ್ವದ ದಿನ ಔಷಧದಾನದ ಹೆಸರಿನಲ್ಲಿ ಕಾಣಿಕೆ ಹಾಕುವ ಶ್ರಾವಕರು, ತಿಂಗಳಿಗೊಮ್ಮೆ ನೆರೆಯ ವೃದ್ಧರನ್ನು ಪುತ್ತೂರು ಅಥವಾ ಸುಳ್ಯದ ಆಸ್ಪತ್ರೆಗೆ ಕರೆದೊಯ್ಯುವುದನ್ನೂ, ಅವರ ಅಂಗಳದ ಪಾಚಿ ಕೆರೆಯುವುದನ್ನೂ, ಬಚ್ಚಲಿಗೊಂದು ಹಿಡಿಕೆ ಹಾಕಿಸುವುದನ್ನೂ ಅದೇ ದಾನದ ಲೆಕ್ಕಕ್ಕೆ ಸೇರಿಸಬಹುದು.

ಏಕತ್ವ ಅನುಪ್ರೇಕ್ಷೆ, ಜೀವ ಒಂಟಿಯಾಗಿ ಬಂದು ಒಂಟಿಯಾಗಿ ಹೋಗುತ್ತದೆಂದು ನೆನಪಿಸುತ್ತದೆ. ದಂಪತಿಯಲ್ಲಿ ಒಬ್ಬರು ಮೊದಲು ಹೊರಡುವುದು ನಿಶ್ಚಿತ. ಆ ಅರಿವು ಸೇವೆಯನ್ನು ಕುಂದಿಸುವುದಕ್ಕಲ್ಲ; ಕೂಡಿರುವ ದಿನಗಳು ಎಣಿಕೆಯವು ಎಂದು ತಿಳಿದಾಗ ಕೋಪ, ಮಾನಗಳು ತಾವಾಗಿ ಮಂದವಾಗುತ್ತವೆ. ದೇಹದ ರೋಗ ಪೂರ್ತಿ ವಾಸಿಯಾಗದೆಯೂ ಇರಬಹುದು. ಒಬ್ಬರನ್ನೊಬ್ಬರು ಆರೈಸುತ್ತಾ ಕಷಾಯಗಳು ಕಡಿಮೆಯಾದರೆ ಆ ಮುಪ್ಪು ವ್ಯರ್ಥವಲ್ಲ.