ದಾರಿ ಕೇಳದವರ ಚಾರಣ

ಮೊಬೈಲು ಬಂದು ಚಾರಣ ಕೆಟ್ಟಿತು ಎಂದು ಹಲುಬುವ ಹಿರಿಯರ ಮಾತನ್ನು ನಾನು ಒಪ್ಪುವುದಿಲ್ಲ. ಅವರ ಕಾಲದಲ್ಲಿ ಬೆಟ್ಟದ ನಕ್ಷೆ ಬೇಕೆಂದರೆ ಸರ್ವೆ ಆಫ್ ಇಂಡಿಯಾದ ಟೋಪೋಶೀಟಿಗಾಗಿ ಅಲೆಯಬೇಕಿತ್ತು. ಜನಸಾಮಾನ್ಯರಿಗೆಂದೇ ಬೇರೆ ನಕ್ಷೆಗಳ ಸರಣಿ ಎಂಬ ಮಾತು ಬಂದದ್ದು 2005ರ ರಾಷ್ಟ್ರೀಯ ನಕ್ಷೆ ನೀತಿಯಲ್ಲಿ. ಹೋದವನು ಕ್ಷೇಮವಾಗಿದ್ದಾನೆಂದು ಮನೆಯವರಿಗೆ ಗೊತ್ತಾಗುತ್ತಿದ್ದುದು ಅವನು ಇಳಿದು ಬಂದು ಎಸ್‌ಟಿಡಿ ಬೂತ್ ಹುಡುಕಿದ ಮೇಲೆ. ಇದರಲ್ಲಿ ಸಾಹಸವೆಂದು ಹೊಗಳಿಕೊಳ್ಳುವಂಥದ್ದು ಏನೂ ಇಲ್ಲ.

ನಮ್ಮ ಚಿಕ್ಕಬಳ್ಳಾಪುರದ್ದೇ ಉದಾಹರಣೆ ಇದೆ. 2022ರ ಫೆಬ್ರವರಿಯಲ್ಲಿ ನಂದಿಬೆಟ್ಟದ ಬ್ರಹ್ಮಗಿರಿಯ ಕಡೆ ಹತ್ತಲು ಹೋದ ವಿದ್ಯಾರ್ಥಿಯೊಬ್ಬ ಸುಮಾರು 300 ಅಡಿ ಜಾರಿ ಬಂಡೆಗಳ ನಡುವೆ ಸಿಕ್ಕಿಕೊಂಡ. ತಾನಿದ್ದ ಜಾಗದ ಲೊಕೇಶನ್ ಅನ್ನು ಪೊಲೀಸರಿಗೆ ಫೋನಿನಿಂದಲೇ ಕಳಿಸಿದ. ಯಲಹಂಕದಿಂದ ವಾಯುಪಡೆಯ ಹೆಲಿಕಾಪ್ಟರ್ ಬಂದು ಅವನನ್ನು ಎತ್ತಿಕೊಂಡು ಹೋಯಿತು. ಆ ಫೋನನ್ನು ಬೈಯುವ ಬಾಯಿ ನನಗಿಲ್ಲ.

ಹಾಗಾದರೆ ಕೆಟ್ಟದ್ದು ಏನು? ಕರ್ನಾಟಕದಲ್ಲಿ ಅತಿ ದೂರ ನಡೆಯುವವರು ಚಾರಣಿಗರಲ್ಲ, ಪಾದಯಾತ್ರಿಗಳು. ಯುಗಾದಿಗೆ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೂ, ಶಿವರಾತ್ರಿಗೆ ಧರ್ಮಸ್ಥಳಕ್ಕೂ ನೂರಾರು ಕಿಲೋಮೀಟರ್ ನಡೆಯುತ್ತಾರೆ. ಅವರ ಜೇಬಿನಲ್ಲೂ ಫೋನಿದೆ. ಆದರೂ ದಾರಿಯ ಊರಿನವರು ನೀರು, ಮಜ್ಜಿಗೆ, ಊಟ ಕೊಡುತ್ತಾರೆ, ಮಲಗಲು ಜಾಗ ತೋರಿಸುತ್ತಾರೆ. ಫೋನು ಅವರನ್ನು ಊರಿನಿಂದ ಬೇರೆ ಮಾಡಿಲ್ಲ. ಹಾಗಾಗಿ ತಪ್ಪು ಯಂತ್ರದ್ದಲ್ಲ. ಊರನ್ನು ಕೇಳದೆಯೇ ಬೆಟ್ಟ ಹತ್ತಿಸುತ್ತೇವೆ ಎಂದು ಯಂತ್ರ ತೋರಿಸಿ ಮಾರುವ ವ್ಯಾಪಾರದ್ದು.

ಸ್ಕಂದಗಿರಿಯನ್ನೇ ನೋಡಿ. ಊರವರ ಬಾಯಲ್ಲಿ ಅದು ಕಳವಾರ ಬೆಟ್ಟ. ನಸುಕಿಗೆ ಮುಂಚೆ ಬೆಂಗಳೂರಿನಿಂದ ಬಂದವರು ಪಾಪಾಗ್ನಿ ಮಠದ ಬಳಿ ಇಳಿದು, ಟಾರ್ಚ್ ಹಚ್ಚಿ ಹತ್ತಿ, ಮೋಡದ ಮೇಲಿನ ಸೂರ್ಯೋದಯದ ಫೋಟೊ ಹಿಡಿದು, ತಿಂಡಿ ಹೊತ್ತಿಗೆ ಹೆದ್ದಾರಿಯಲ್ಲಿರುತ್ತಾರೆ. ಕಳವಾರದ ಒಬ್ಬರೊಡನೆಯೂ ಮಾತಾಡುವ ಅಗತ್ಯ ಬೀಳುವುದಿಲ್ಲ. ಯಾರೋ ನಡೆದ ಹೆಜ್ಜೆಯ ಗೆರೆ ಪರದೆಯ ಮೇಲಿದೆ. ಆದರೆ ಮಳೆ ಬಿದ್ದ ಮಾರನೆಯ ದಿನ ಯಾವ ಬಂಡೆ ಜಾರುತ್ತದೆ, ಹೆಜ್ಜೇನು ಎಲ್ಲಿ ಕಟ್ಟಿದೆ ಎಂಬುದು ಆ ಗೆರೆಯಲ್ಲಿಲ್ಲ. ಅದು ಕುರಿ ಮೇಯಿಸುವವರ ತಲೆಯಲ್ಲಿದೆ. ಕುಮಾರಪರ್ವತದ ಹಾದಿಯಲ್ಲಿ ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಉಂಡವರಿಗೆ ಈ ವ್ಯತ್ಯಾಸ ಗೊತ್ತು.

ಅದೇ ಕುಮಾರಪರ್ವತದಲ್ಲಿ 2024ರ ಜನವರಿಯಲ್ಲಿ ಜಾತ್ರೆಯಂತೆ ಜನ ಸೇರಿದ ಚಿತ್ರಗಳು ಹರಿದಾಡಿದವು. ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣವನ್ನು ಸರ್ಕಾರ ನಿಲ್ಲಿಸಿತು. ಮಿತಿ ಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಟಿಕೆಟ್ಟು ತಲೆ ಎಣಿಸುತ್ತದೆ, ನಡೆಯುವುದನ್ನು ಕಲಿಸುವುದಿಲ್ಲ. ವಾರಾಂತ್ಯದ ಟಿಕೆಟ್ಟಿಗೆ ಬೆರಳು ಚುರುಕಿರುವವನೇ ಮೊದಲು. ಬೆಟ್ಟದ ಬುಡದಲ್ಲಿ ಹುಟ್ಟಿದವನೂ ಅದೇ ಸಾಲಿನಲ್ಲಿ ನಿಲ್ಲಬೇಕು.

ಊರವರನ್ನು ಕೇಳಿದರೆ ದುಡ್ಡು ಕೇಳುತ್ತಾರೆ ಎಂದು ಗೆಳೆಯರು ಮೂಗು ಮುರಿಯುತ್ತಾರೆ. ಕೇಳಲಿ! ಆ್ಯಪ್‌ಗೆ ವರ್ಷದ ಚಂದಾ ಕಟ್ಟುವವರು, ಪ್ಯಾಕೇಜಿಗೆ ಸಾವಿರಾರು ರೂಪಾಯಿ ಸುರಿಯುವವರು, ಕಾಲು ಸವೆಸಿ ಕಲಿತ ತಿಳಿವಳಿಕೆ ಮಾತ್ರ ಪುಕ್ಕಟೆ ಸಿಗಬೇಕು ಎನ್ನುವುದು ಯಾವ ನ್ಯಾಯ?

ನನ್ನ ಬೇಡಿಕೆ ದೊಡ್ಡದಲ್ಲ. ಟಿಕೆಟ್ ಹಣದಲ್ಲಿ ಒಂದು ಪಾಲು ಬುಡದ ಊರಿಗೆ ಸೇರಲಿ, ಊರಿನ ಮಾರ್ಗದರ್ಶಿಗೆ ಕೂಲಿಯಲ್ಲ, ಸಂಬಳ ಸಿಗಲಿ. ಸುತ್ತಲ ಹಳ್ಳಿಯವರಿಗೆ ಬುಕಿಂಗ್‌ನ ಹಂಗಿಲ್ಲದ ಪ್ರವೇಶವಿರಲಿ. ದಾರಿಯ ಬಂಡೆಗಳ ಮೇಲೆ ಕನ್ನಡದಲ್ಲಿ ಗುರುತು, ಸಂಖ್ಯೆ ಬರೆಯಲಿ. ಬಿದ್ದವನು ಇಂಥ ಸಂಖ್ಯೆಯ ಹತ್ತಿರ ಇದ್ದೇನೆ ಎಂದು ಫೋನಿನಲ್ಲಿ ಹೇಳುವಂತಾಗಲಿ. ಹೋಗುವ ನೀವೂ ಫೋನಿನ ಚಾರ್ಜು ಉಳಿಸಿಕೊಳ್ಳಿ, ಬುಡದ ಊರಿನಲ್ಲಿ ಒಬ್ಬರಿಗಾದರೂ ಎತ್ತ ಹೋಗುತ್ತೀರಿ, ಎಷ್ಟು ಹೊತ್ತಿಗೆ ಇಳಿಯುತ್ತೀರಿ ಎಂದು ಹೇಳಿ ಹತ್ತಿ. ಸಿಗ್ನಲ್ ಹೋದಾಗ ಹುಡುಕಿಕೊಂಡು ಮೊದಲು ಬರುವವರು ಅವರೇ.