ಬುಟ್ಟಿ ಹೆಣೆದಾಯಿತು, ಕೂಲಿ ಎಲ್ಲಿ?

ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರ ದಾಟಿ ವಯನಾಡಿಗೆ ಪ್ರವಾಸ ಹೋದವರ ಚೀಲದಲ್ಲಿ ಕಾಫಿಪುಡಿ, ಏಲಕ್ಕಿ, ಜೇನುತುಪ್ಪದ ಜೊತೆಗೆ ಬಿದಿರಿನದೊಂದು ಸಾಮಾನು ಕೂಡ ಇರುವುದುಂಟು. ಅದನ್ನು ಕೈಯಲ್ಲಿ ಹಿಡಿದಾಗ ಕೆಲವರಿಗೆ, ‘ಇದನ್ನು ನಾವೂ ಮಾಡಿ ಮಾರಬಹುದಲ್ಲ’ ಎನಿಸುತ್ತದೆ. ಅನಿಸಿಕೆ ತಪ್ಪಲ್ಲ. ಆದರೆ ಮನೆಯಲ್ಲಿ ಮಾಡಿದ್ದು ನಾಲ್ಕು ಕಾಸು ತರಬೇಕಾದರೆ ಕೈಚಳಕದಷ್ಟೇ ಲೆಕ್ಕವೂ ಬೇಕು.

ವಯನಾಡಿನಲ್ಲಿ ಬಿದಿರು ಹೆಣೆಯುವುದು ಹೊಸತೇನಲ್ಲ. ನಮ್ಮ ಕಡೆಯ ಬೆಟ್ಟ ಕುರುಬರ ಬಳಗದವರಾದ ಅಲ್ಲಿನ ಊರಾಳಿ ಕುರುಮರು ಬುಟ್ಟಿ ಹೆಣಿಗೆ, ಮಡಕೆ, ಕಮ್ಮಾರಿಕೆ ಎಲ್ಲವನ್ನೂ ತಲೆತಲಾಂತರದಿಂದ ಬಲ್ಲವರು. ಆದರೂ ಪ್ಲಾಸ್ಟಿಕ್ ಬುಟ್ಟಿ ಬಂದಮೇಲೆ ಹೆಣಿಗೆಯ ಸಾಮಾನಿಗೆ ಗಿರಾಕಿ ಕಡಿಮೆಯಾದರು. ಕರ್ನಾಟಕದ ಮೇದರ ಕೇರಿಗಳದ್ದೂ ಇದೇ ಕಥೆ. ಗೌರಿ ಹಬ್ಬ ಬಂದರೆ ಬಾಗಿನದ ಮೊರಕ್ಕೆ ಬೇಡಿಕೆ, ಹಬ್ಬ ಮುಗಿದರೆ ಅಂಗಡಿಯ ಮುಂದೆ ಮೊರಗಳ ರಾಶಿ. ಕೆಲಸ ಬರುತ್ತದೆ ಎಂದಮಾತ್ರಕ್ಕೆ ಹೊಟ್ಟೆ ತುಂಬುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ವಯನಾಡಿನ ಕಲ್ಪೆಟ್ಟದ ಬಳಿಯ ತೃಕ್ಕೈಪೆಟ್ಟ ಎಂಬ ಹಳ್ಳಿಯಲ್ಲಿ 1996ರಲ್ಲಿ ಆರಂಭವಾದ ‘ಉರವು’ ಸಂಸ್ಥೆ ಇಲ್ಲಿ ಬೇರೆ ದಾರಿ ಹಿಡಿಯಿತು. ಊರಿನ ಹೆಂಗಸರಿಗೆ, ಆದಿವಾಸಿಗಳಿಗೆ ಬಿದಿರಿನ ಕೆಲಸದಲ್ಲಿ ತರಬೇತಿ ಕೊಟ್ಟಿತು. ಬುಟ್ಟಿ, ಮೊರಕ್ಕೆ ನಿಲ್ಲದೆ ದೀಪದ ಹೊದಿಕೆ, ಕಿಟಕಿಯ ಪರದೆ, ಮೇಜಿನ ಮೇಲಿಡುವ ಸಾಮಾನು, ಆಭರಣಗಳನ್ನು ಮಾಡಿಸಿತು. ವಸ್ತು ಬದಲಾದ ಹಾಗೆ ಗಿರಾಕಿಯೂ ಬದಲಾದ. ಇಂದು ತೃಕ್ಕೈಪೆಟ್ಟ ‘ಬಿದಿರಿನ ಹಳ್ಳಿ’ ಎಂದೇ ಹೆಸರಾಗಿದೆ. ಹೊಸಬರು ಗಮನಿಸಬೇಕಾದದ್ದು ಈ ಸಂಗತಿಯನ್ನು: ಯಾರು ಕೊಳ್ಳುತ್ತಾರೆ ಎಂದು ಮೊದಲು ಯೋಚಿಸಿ, ಏನು ಮಾಡಬೇಕೆಂದು ಆಮೇಲೆ ತೀರ್ಮಾನಿಸಿದರೆ ಅರ್ಧ ಕಷ್ಟ ಕಳೆಯುತ್ತದೆ.

ಎರಡನೆಯದು ಬಾಳಿಕೆ. ಬಿದಿರಿನೊಳಗೆ ಪಿಷ್ಟ ಇರುತ್ತದೆ. ಅದೇ ಕೊರೆಯುವ ಹುಳುವಿಗೆ ಆಹಾರ. ಎಳೆ ಬಿದಿರನ್ನು ಕಡಿದು ಹಾಗೆಯೇ ಹೆಣೆದರೆ ಕೆಲವೇ ತಿಂಗಳಲ್ಲಿ ಸಾಮಾನಿನ ಕೆಳಗೆ ಹಿಟ್ಟಿನಂಥ ಪುಡಿ ಉದುರತೊಡಗುತ್ತದೆ. ಆದ್ದರಿಂದ ಮೂರು ನಾಲ್ಕು ವರ್ಷ ಬಲಿತ ಗಳವನ್ನೇ ಆರಿಸಬೇಕು. ಹೊಸ ಮೊಳಕೆ ಬರುವ ಮಳೆಗಾಲ ಬಿಟ್ಟು, ಮಳೆ ಮುಗಿದ ಮೇಲೆ ಕಡಿಯಬೇಕು. ಬೋರಾಕ್ಸ್ ಮತ್ತು ಬೋರಿಕ್ ಆಮ್ಲ ಬೆರೆಸಿದ ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸುವುದು ಈಗ ರೂಢಿಯಲ್ಲಿರುವ ಸಂಸ್ಕರಣೆ. ಊಟ ತಿಂಡಿಗೆ ತಾಗುವ ಸಾಮಾನಿಗೆ ಮಾತ್ರ ಇದು ಬೇಡ. ಹುಳು ಬಿದ್ದ ಒಂದು ದೀಪದ ಹೊದಿಕೆಯಿಂದ ಕಳೆದುಕೊಳ್ಳುವುದು ಒಬ್ಬ ಗಿರಾಕಿಯನ್ನು ಮಾತ್ರವಲ್ಲ, ಅವರ ಪರಿಚಯದವರೆಲ್ಲರನ್ನೂ.

ಬಿದಿರು ಎಲ್ಲಿಂದ ತರುವುದೆಂಬುದೂ ಮುಖ್ಯ. 2017ರಲ್ಲಿ ಭಾರತೀಯ ಅರಣ್ಯ ಕಾಯ್ದೆಗೆ ತಿದ್ದುಪಡಿ ತಂದು, ಬಿದಿರನ್ನು ‘ಮರ’ದ ಪಟ್ಟಿಯಿಂದ ಕೈಬಿಡಲಾಯಿತು. ಹೀಗಾಗಿ ಅರಣ್ಯದ ಹೊರಗೆ, ಸ್ವಂತ ಜಮೀನಿನಲ್ಲಿ ಬೆಳೆದ ಬಿದಿರಿನ ಕಟಾವು, ಸಾಗಣೆ ಸಲೀಸಾಗಿದೆ. ಹಾಗೆಂದು ಕಾಡಿಗೆ ಹೋಗಿ ಯಾರು ಬೇಕಾದರೂ ಕಡಿಯುವಂತಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನವೆಂದು ಎಣಿಸುತ್ತದೆ. ಅದರ ಹಕ್ಕು ಕಾಡನ್ನೇ ನಂಬಿದ ಸಮುದಾಯಗಳದ್ದು.

ಇನ್ನು ಬೆಲೆ. ಹೆಚ್ಚಿನವರು ಎಡವುವುದು ಇಲ್ಲಿಯೇ. ಸಾಮಗ್ರಿಗೆ ಖರ್ಚಾದದ್ದನ್ನು ಬರೆದಿಟ್ಟು, ಸ್ವಂತ ದುಡಿಮೆಯನ್ನು ‘ಹೇಗೂ ಮನೆಯಲ್ಲೇ ಇದ್ದೆನಲ್ಲ’ ಎಂದು ಬಿಟ್ಟುಬಿಡುತ್ತಾರೆ. ಉದಾಹರಣೆಗೆ ಒಂದು ದೀಪದ ಹೊದಿಕೆ ಎಂದುಕೊಳ್ಳಿ. ಬಿದಿರು, ದಾರ, ಪಾಲಿಶ್‌ಗೆ 70 ರೂಪಾಯಿ. ಪ್ಯಾಕಿಂಗ್, ಸಾಗಣೆಗೆ 40. ಕೆಲಸಕ್ಕೆ ನಾಲ್ಕು ಗಂಟೆ ಹಿಡಿಯಿತು. ಎಂಟು ಗಂಟೆಯ ದಿನಕ್ಕೆ 500 ರೂಪಾಯಿ ಕೂಲಿ ಎಂದರೂ ನಾಲ್ಕು ಗಂಟೆಗೆ 250. ಅಲ್ಲಿಗೆ ಅಸಲೇ 360 ಆಯಿತು. ಅಂಗಡಿಯವರು ಮಾರಾಟದ ಬೆಲೆಯಲ್ಲಿ ಮೂರರಲ್ಲೊಂದು ಪಾಲು ಇಟ್ಟುಕೊಂಡರೆ, ಅಲ್ಲಿ 540ಕ್ಕೆ ಮಾರಿದಾಗ ಮಾತ್ರ ನಿಮ್ಮ ಅಸಲು ಕೈಸೇರುತ್ತದೆ. ‘ಜನ ಕೊಳ್ಳಲಿ’ ಎಂದು 300ಕ್ಕೆ ಇಳಿಸಿದಿರೋ, ಅಂಗಡಿಯ 100 ಕಳೆದು, ಖರ್ಚಿನ 110 ಕಳೆದು ನಾಲ್ಕು ಗಂಟೆಯ ಬೆವರಿಗೆ ಉಳಿಯುವುದು 90. ಗಿರಾಕಿ 540 ಕೊಡಲಾರ ಎನಿಸಿದರೆ ಕೂಲಿಗೆ ಕತ್ತರಿ ಹಾಕುವುದಲ್ಲ, ಎರಡೇ ಗಂಟೆಯಲ್ಲಿ ಮುಗಿಯುವ ವಿನ್ಯಾಸ ಹುಡುಕಬೇಕು.

ಮಾರುಕಟ್ಟೆಯಲ್ಲಿ ಒಂದೇ ಬಾಗಿಲು ನಂಬುವುದೂ ಅಪಾಯ. 2024ರ ಜುಲೈ 30ರಂದು ವಯನಾಡಿನ ಮೇಪ್ಪಾಡಿ ಪಂಚಾಯಿತಿಯ ಮುಂಡಕ್ಕೈ, ಚೂರಲ್‌ಮಲಗಳಲ್ಲಿ ಭೂಕುಸಿತವಾದಾಗ ಇಡೀ ಜಿಲ್ಲೆಗೆ ಪ್ರವಾಸಿಗರು ಬರುವುದು ತಗ್ಗಿತು. ಅವರನ್ನೇ ನೆಚ್ಚಿದ್ದ ಸಣ್ಣ ವ್ಯಾಪಾರವೂ ಕುಸಿಯಿತು. ಪ್ರವಾಸಿ ಅಂಗಡಿಯ ಜೊತೆಗೆ ಮೇಳ, ಸ್ವಸಹಾಯ ಗುಂಪಿನ ಮಳಿಗೆ, ಆನ್‌ಲೈನ್ ಎಲ್ಲವೂ ಇರಲಿ. ಜಿಎಸ್‌ಟಿ ಮಿತಿಯೊಳಗಿನ ವಹಿವಾಟಿನವರು 2023ರ ಅಕ್ಟೋಬರ್‌ನಿಂದ ಪೂರ್ಣ ನೋಂದಣಿ ಇಲ್ಲದೆ, ದಾಖಲಾತಿ ಸಂಖ್ಯೆ ಪಡೆದು ತಮ್ಮ ರಾಜ್ಯದೊಳಗೆ ಇ-ಕಾಮರ್ಸ್ ತಾಣಗಳ ಮೂಲಕ ಸರಕು ಮಾರಬಹುದು.

ಸರ್ಕಾರದ ನೆರವೂ ಇದೆ. ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ಕರಕುಶಲಕರ್ಮಿಗಳಿಗೆ ಕೇಂದ್ರ ಜವಳಿ ಸಚಿವಾಲಯದ ‘ಪೆಹಚಾನ್’ ಗುರುತಿನ ಚೀಟಿ ಸಿಗುತ್ತದೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬುಟ್ಟಿ, ಚಾಪೆ ಹೆಣೆಯುವುದೂ ಸೇರಿದೆ. ತರಬೇತಿ, ಉಪಕರಣಕ್ಕೆ 15 ಸಾವಿರ ರೂಪಾಯಿವರೆಗೆ ನೆರವು, ಶೇ 5ರ ಬಡ್ಡಿಗೆ ಮೊದಲ ಕಂತಿನಲ್ಲಿ ಒಂದು ಲಕ್ಷದವರೆಗೆ ಸಾಲ ಉಂಟು. ಆದರೆ ಅದು ಪಾರಂಪರಿಕ ಕಸುಬಿನಲ್ಲಿ ಆಗಲೇ ತೊಡಗಿರುವವರಿಗೆ, ನಾಳೆ ಕಲಿಯುವವರಿಗಲ್ಲ.

ಹೊಸದಾಗಿ ಕೈಹಾಕುವವರು ಸಾಲ ಮಾಡಿ ಆರಂಭಿಸುವುದು ಬೇಡ. ಒಂದೇ ಬಗೆಯ ಸಾಮಾನನ್ನು ಹತ್ತಿಪ್ಪತ್ತು ಮಾಡಿ, ಹಿಡಿದ ಗಂಟೆಗಳನ್ನು ಬರೆದಿಟ್ಟು, ನೆಂಟರಲ್ಲದವರಿಗೆ ಮಾರಿ ನೋಡಿ. ಕೂಲಿ ಹುಟ್ಟಿದರೆ ಮುಂದುವರಿಸಿ. ಹುಟ್ಟದಿದ್ದರೆ ಅದನ್ನು ಹವ್ಯಾಸವಾಗಿ ಉಳಿಸಿಕೊಳ್ಳಿ. ಕೊಳ್ಳುವವರಿಗೂ ಒಂದು ಮಾತು: ಚೌಕಾಶಿಯಲ್ಲಿ ನೀವು ಉಳಿಸುವ ನೂರು ರೂಪಾಯಿ ಬರುವುದು ಹೆಚ್ಚಾಗಿ ಮಾಡಿದವರ ಕೂಲಿಯಿಂದಲೇ.